ಪೆಟ್ಟಿಗೆ ಚರಕದ ನಾಲ್ಕನೆಯ ಮೂಲೆ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ತೇಗದ ಪೆಟ್ಟಿಗೆ ಇದೆ. ಮುಚ್ಚಿಟ್ಟರೆ ಹಿಂದಿನ ವಕೀಲರು ಕೋರ್ಟಿಗೆ ಹಿಡಿದುಕೊಂಡು ಹೋಗುತ್ತಿದ್ದ ಕೈಪೆಟ್ಟಿಗೆಯಂತೆ ಕಾಣುತ್ತದೆ. ಕೊಂಡಿ ತೆಗೆದು ಬಿಚ್ಚಿದರೆ ಒಳಗೆ ಮಲಗಿರುವ ಎರಡು ಮರದ ಚಕ್ರಗಳು ಕಾಣುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಪಕ್ಕದಲ್ಲಿ ಕದಿರು ಇಡುವ ಜಾಗ, ಹಂಜಿ ಇಡುವ ಸಣ್ಣ ಖಾನೆ. ಅಜ್ಜ ಇದನ್ನು ‘ಯೆರವಡಾ’ ಎಂದೇ ಕರೆಯುತ್ತಿದ್ದರು. ‘ಆ ಯೆರವಡಾ ತಗೊಂಡು ಬಾ’ ಎಂದರೆ ನಾವು ಮಕ್ಕಳು ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದೆವು. ಅದು ಪುಣೆಯ ಒಂದು ಜೈಲಿನ ಹೆಸರು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಕೆಲಸಕ್ಕಾಗಿ ನಾನೇ ಪುಣೆಗೆ ಬಂದು ನೆಲೆಸಿದಾಗ.

ಕಳೆದ ಮಳೆಗಾಲದಲ್ಲಿ ಪೆಟ್ಟಿಗೆಯ ಒಂದು ಮೂಲೆ ಬಾಯಿ ಬಿಟ್ಟಿತು. ಉಳಿದ ಮೂರು ಮೂಲೆಗಳಲ್ಲಿ ಎರಡು ಹಲಗೆಗಳು, ಎರಡು ಕೈಯ ಬೆರಳು ಹೆಣೆದ ಹಾಗೆ, ಒಂದರೊಳಗೊಂದು ಕೂತಿದ್ದವು. ನಾಲ್ಕನೆಯದರಲ್ಲಿ ಅರ್ಧ ಬೆರಳುಗಳು ಮುರಿದಿದ್ದವು. ಯಾವ ಕಾಲದಲ್ಲೋ ಯಾರೋ ಅಲ್ಲಿಗೆ ಮೊಳೆ ಹೊಡೆದಿದ್ದರು. ಮೊಳೆ ತುಕ್ಕು ಹಿಡಿದು, ತೇಗ ಸೀಳಿ, ಈಗ ಮೂಲೆಯೇ ಕಳಚಿತ್ತು. ಚರಕ ತಿರುಗಿಸಿದರೆ ದಾರ ಚಕ್ರದಿಂದ ಜಾರುತ್ತಿತ್ತು.

ಒಂದು ಮೂಲೆಯ ರಿಪೇರಿ ಎಂದುಕೊಂಡು ಹೊರಟವನಿಗೆ, ಇಂಥ ಪೆಟ್ಟಿಗೆ ಯಾಕೆ ಹುಟ್ಟಿತು, ಅದರ ಮೂಲೆಯನ್ನು ಯಾವ ಉಪಕರಣದಿಂದ ಕೊಯ್ದರು, ಯಾಕೆ ಹಾಗೆ ಕೊಯ್ದರು ಎಂಬ ಪ್ರಶ್ನೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿರುವುದು ಕಂಡಿತು. ಈ ಬರಹ ಆ ಗಂಟು ಬಿಚ್ಚುವ ಪ್ರಯತ್ನ.

ರಾಟೆ ಪೆಟ್ಟಿಗೆ ಸೇರಿದ್ದು

ನಮ್ಮ ಅಜ್ಜಿಯರ ಕಾಲದ ರಾಟೆ ಮನೆಯ ಸಾಮಾನು. ಅಗಲವಾದ ಚಕ್ರ, ಉದ್ದನೆಯ ಅಡಿಪಟ್ಟಿ. ಜಗಲಿಯ ಮೂಲೆಯಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಹೊತ್ತುಕೊಂಡು ಊರೂರು ತಿರುಗುವ ಪ್ರಮೇಯ ಯಾರಿಗೂ ಇರಲಿಲ್ಲ.

ಆ ಪ್ರಮೇಯ ಬಂದದ್ದು ರಾಜಕಾರಣದಿಂದ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಕಾಂಗ್ರೆಸ್ ಸದಸ್ಯರಾಗಬೇಕಾದರೆ ನಾಲ್ಕಾಣೆ ಕೊಟ್ಟರೆ ಸಾಲದು, ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನಿಯಮ ಬಹಳ ದಿನ ನಿಲ್ಲಲಿಲ್ಲ. ಮುಂದಿನ ವರ್ಷವೇ ಅದನ್ನು ಸಡಿಲಿಸಿದರು. ಆದರೆ 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅಖಿಲ ಭಾರತ ಚರಕ ಸಂಘ ಹುಟ್ಟಿತು. ವಕೀಲರು, ಮೇಷ್ಟ್ರುಗಳು, ರೈಲಿನಲ್ಲಿ ಓಡಾಡುವ ಕಾರ್ಯಕರ್ತರು ನೂಲುವ ಅಭ್ಯಾಸಕ್ಕೆ ಬಿದ್ದರು. ಇವರಿಗೆ ಜಗಲಿಯ ರಾಟೆ ಹೊಂದುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ಹೋಗುವ ರಾಟೆ ಬೇಕಿತ್ತು.

1929ರ ಜುಲೈನಲ್ಲಿ ಚರಕ ಸಂಘ ಒಂದು ಸ್ಪರ್ಧೆ ಸಾರಿತು. ಒಳ್ಳೆಯ ಚರಕ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ. ಷರತ್ತುಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಯಂತ್ರ ಹಗುರವಾಗಿರಬೇಕು, ಹಳ್ಳಿಯ ಮನೆಯಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಒಬ್ಬ ಹೆಂಗಸು ಅತಿಯಾಗಿ ದಣಿಯದೆ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವಂತಿರಬೇಕು. ಆ ಎಂಟು ಗಂಟೆಯಲ್ಲಿ 12ರಿಂದ 20ನೆಯ ನಂಬರಿನ ನೂಲು 16,000 ಅಡಿ ಬರಬೇಕು. ಬೆಲೆ 150 ರೂಪಾಯಿ ಮೀರಬಾರದು, ಭಾರತದಲ್ಲೇ ತಯಾರಾಗುವಂತಿರಬೇಕು. ಆಗಾಗ ಸರಿಮಾಡಿಕೊಂಡರೆ 20 ವರ್ಷ ನಿಲ್ಲದೆ ನಡೆಯಬೇಕು. ವರ್ಷದ ರಿಪೇರಿ ಖರ್ಚು ಬೆಲೆಯ ಶೇಕಡ 5ನ್ನು ದಾಟಬಾರದು.

ಕೊನೆಯ ಎರಡು ಷರತ್ತುಗಳು ನನಗೆ ಮುಖ್ಯವಾಗಿ ಕಂಡವು. ಯಂತ್ರ ಎಷ್ಟು ಚುರುಕು ಎಂದು ಕೇಳುವವರು ಬಹಳ. ಕೆಟ್ಟಾಗ ಎಷ್ಟು ಖರ್ಚಿನಲ್ಲಿ ಸರಿಹೋಗುತ್ತದೆ ಎಂದು ಬಹುಮಾನದ ಷರತ್ತಿನಲ್ಲೇ ಬರೆದಿಡುವವರು ಕಡಿಮೆ.

ಕಾರ್ಖಾನೆಗಳ ಕಣ್ಣೂ ಈ ಸ್ಪರ್ಧೆಯ ಮೇಲೆ ಬಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1910ರಲ್ಲಿ ಕಿರ್ಲೋಸ್ಕರ್‌ವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆಯಲ್ಲೂ ಒಂದು ಚರಕ ತಯಾರಾಯಿತು. ಆದರೆ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಗೆದ್ದ ಯಂತ್ರ ಒಂದೂ ಸಿಗಲಿಲ್ಲ. ಬಹುಮಾನ ಯಾರ ಕೈಗೂ ಹೋಗಲಿಲ್ಲ.

ಸ್ಪರ್ಧೆಗೆ ಯಂತ್ರ ಒಪ್ಪಿಸಲು ಕೊನೆಯ ದಿನ 1930ರ ಅಕ್ಟೋಬರ್ 30. ಆ ದಿನ ಗಾಂಧೀಜಿ ಪುಣೆಯ ಯೆರವಡಾ ಜೈಲಿನಲ್ಲಿದ್ದರು. ಉಪ್ಪಿನ ಸತ್ಯಾಗ್ರಹದ ನಂತರ ಮೇ ತಿಂಗಳಲ್ಲಿ ಬಂಧನವಾಗಿ, 1931ರ ಜನವರಿ 26ರವರೆಗೆ ಅಲ್ಲೇ ಇದ್ದರು. ಆ ಜಾಗವನ್ನು ಅವರು ‘ಯೆರವಡಾ ಮಂದಿರ’ ಎಂದು ಕರೆದು, ಆಶ್ರಮಕ್ಕೆ ವಾರವಾರ ಪತ್ರ ಬರೆಯುತ್ತಿದ್ದರು. ಕೆಲವು ತಿಂಗಳು ಜೊತೆಗಿದ್ದವರು ಕಾಕಾ ಕಾಲೇಲ್ಕರ್. ಬೆಳಗಾವಿ, ಕಾರವಾರ, ಧಾರವಾಡಗಳಲ್ಲಿ ಬಾಲ್ಯ ಕಳೆದವರು. ದಿನದ ಬಹುಪಾಲು ನೂಲುವುದರಲ್ಲಿ ಹೋಗುತ್ತಿತ್ತು. ನೂಲುವ ಕೈಗೆ ಬಿಡುವು ಸಿಕ್ಕಾಗಲೆಲ್ಲ ರಾಟೆಯನ್ನು ಹೇಗೆ ಚಿಕ್ಕದಾಗಿಸಬೇಕು, ಹೇಗೆ ಚುರುಕಾಗಿಸಬೇಕು ಎಂಬ ಪ್ರಯೋಗ. ಆ ಪ್ರಯೋಗಗಳಿಂದ ಪಳಗಿ ಬಂದ ಪೆಟ್ಟಿಗೆ ಚರಕ ಜೈಲಿನ ಹೆಸರನ್ನೇ ಹೊತ್ತು ‘ಯೆರವಡಾ ಚಕ್ರ’ವಾಯಿತು.

ಅದರ ಯುಕ್ತಿ ಸರಳ. ಚಕ್ರ ದೊಡ್ಡದಿದ್ದಷ್ಟೂ ಕದಿರು ಜೋರಾಗಿ ತಿರುಗುತ್ತದೆ. ಆದರೆ ದೊಡ್ಡ ಚಕ್ರ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಒಂದರ ಬದಲು ಎರಡು ಚಕ್ರ. ಕೈಯಿಂದ ತಿರುಗಿಸುವ ಚಕ್ರ ದಾರದ ಮೂಲಕ ಎರಡನೆಯದರ ಸಣ್ಣ ಗಾಲಿಯನ್ನು ತಿರುಗಿಸುತ್ತದೆ. ಎರಡನೆಯದು ಇನ್ನೊಂದು ದಾರದಿಂದ ಕದಿರನ್ನು ತಿರುಗಿಸುತ್ತದೆ. ವೇಗ ಎರಡು ಮೆಟ್ಟಿಲಲ್ಲಿ ಏರುತ್ತದೆ. ಚಕ್ರಗಳು ಮಲಗಿರುವುದರಿಂದ ಎಲ್ಲವೂ ಒಂದು ತೆಳು ಪೆಟ್ಟಿಗೆಯೊಳಗೆ ಅಡಗುತ್ತದೆ.

ಇಂಥ ಒಂದು ಚರಕವನ್ನು ಗಾಂಧೀಜಿ 1935ರಲ್ಲಿ ಫ್ಲಾಯ್ಡ್ ಪಫರ್ ಎಂಬ ಅಮೆರಿಕನ್ ಪಾದ್ರಿಗೆ ಕೊಟ್ಟರು. 2013ರ ನವೆಂಬರಿನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಅದು 1,10,000 ಪೌಂಡಿಗೆ ಹೋಯಿತು. ಪತ್ರಿಕೆಗಳು ಬೆಲೆಯ ಬಗ್ಗೆ ಬರೆದವು. ನಾನು ಅದರ ಮೂಲೆಗಳನ್ನು ಫೋಟೋದಲ್ಲಿ ಹುಡುಕುತ್ತಿದ್ದೆ.

ಮೂಲೆಗೆ ಯಾಕೆ ಇಷ್ಟು ಮಹತ್ವ

ಜಗಲಿಯ ರಾಟೆಗೆ ಪೆಟ್ಟಿಗೆ ಇಲ್ಲ, ಮೂಲೆಯೂ ಇಲ್ಲ. ಯೆರವಡಾ ಚಕ್ರದಲ್ಲಿ ಪೆಟ್ಟಿಗೆಯೇ ಚೌಕಟ್ಟು. ಎರಡೂ ಚಕ್ರದ ಅಚ್ಚುಗಳು ಪೆಟ್ಟಿಗೆಗೆ ಕಚ್ಚಿಕೊಂಡಿರುತ್ತವೆ. ಬಿಗಿ ದಾರ ಎರಡು ಅಚ್ಚುಗಳನ್ನು ಸದಾ ಒಂದರ ಕಡೆಗೊಂದು ಎಳೆಯುತ್ತಿರುತ್ತದೆ. ಪೆಟ್ಟಿಗೆ ಕೂದಲೆಳೆಯಷ್ಟು ತಿರುಚಿಕೊಂಡರೂ ಚಕ್ರಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ, ದಾರ ಜಾರುತ್ತದೆ. ಇದರ ಜೊತೆಗೆ ರೈಲಿನ ಕುಲುಕಾಟ, ಬೇಸಿಗೆಯ ಒಣಹವೆ, ಮಳೆಗಾಲದ ತೇವ. ಇಷ್ಟನ್ನೂ ತಡೆಯಬೇಕಾದದ್ದು ನಾಲ್ಕು ಮೂಲೆಗಳು.

ಎರಡು ಹಲಗೆಗಳನ್ನು ಮೂಲೆಯಲ್ಲಿ ಸೇರಿಸಲು ಬಡಗಿಗೆ ಹಲವು ದಾರಿಗಳಿವೆ. ತುದಿಗೆ ತುದಿ ಇಟ್ಟು ಮೊಳೆ ಹೊಡೆಯುವುದು ಅತಿ ಸುಲಭ, ಅತಿ ದುರ್ಬಲ. ಹಲಗೆಯ ಕೊಯ್ದ ತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ. ಅಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಮೊಳೆಯೂ ಕಚ್ಚುವುದಿಲ್ಲ. ಇದಕ್ಕೆ ಹಳೆಯ ಉತ್ತರ ಡವ್‌ಟೈಲ್: ಪಾರಿವಾಳದ ಬಾಲದಂತೆ ತುದಿಗೆ ಹೋದ ಹಾಗೆ ಅಗಲವಾಗುವ ಹಲ್ಲುಗಳು. ಈಜಿಪ್ಟಿನ ಗೋರಿಗಳಲ್ಲಿ ಸಿಕ್ಕ ಪೀಠೋಪಕರಣಗಳಲ್ಲೂ ಅದು ಇದೆ. ಒಮ್ಮೆ ಕೂತರೆ ಒಂದು ದಿಕ್ಕಿಗೆ ಎಳೆದರೂ ಬರುವುದಿಲ್ಲ. ಅಂಟು ಸೋತರೂ ಆಕಾರವೇ ಹಿಡಿದುಕೊಳ್ಳುತ್ತದೆ.

ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಬಾಕ್ಸ್ ಜಾಯಿಂಟ್, ಅಂದರೆ ಓರೆ ಇಲ್ಲದ, ನೇರ ಗೋಡೆಯ, ಸಮ ಅಗಲದ ಬೆರಳುಗಳು. ಇದರಲ್ಲಿ ಆಕಾರದ ಕೊಂಡಿ ಇಲ್ಲ, ಎಳೆದರೆ ಬರುತ್ತದೆ. ಇದರ ಬಲವೆಲ್ಲ ಅಂಟಿನದು. ಪ್ರತಿ ಬೆರಳಿನ ಎರಡೂ ಪಕ್ಕದಲ್ಲಿ ಎಳೆಯುದ್ದದ ಮರಕ್ಕೆ ಎಳೆಯುದ್ದದ ಮರ ತಾಗುತ್ತದೆ. ಹತ್ತು ಬೆರಳಿದ್ದರೆ ಅಂಟು ಹಿಡಿಯಲು ಅಷ್ಟೂ ಗೋಡೆಗಳು ಸಿಗುತ್ತವೆ. ಹಿಡಿಯಿತೆಂದರೆ ಮೂಲೆ ಬಿಡುವ ಮೊದಲು ಮರವೇ ಸೀಳಬೇಕು.

ನೋಡಲು ಇದು ಡವ್‌ಟೈಲ್‌ಗಿಂತ ಸುಲಭ. ಕೈಯಲ್ಲಿ ಮಾಡಲು ಹೋದಾಗ ಹಾಗಲ್ಲ. ಡವ್‌ಟೈಲ್‌ನಲ್ಲಿ ಮೊದಲ ಹಲಗೆಯ ಬಾಲಗಳು ಸ್ವಲ್ಪ ಹೆಚ್ಚುಕಡಿಮೆಯಾದರೂ, ಅವನ್ನೇ ಎರಡನೆಯ ಹಲಗೆಯ ಮೇಲಿಟ್ಟು ಗೆರೆ ಹಾಕಿ ಕೊಯ್ದರೆ ಆಯಿತು. ಓರೆ ಇರುವುದರಿಂದ ಒತ್ತಿದಷ್ಟೂ ಬಿಗಿಯಾಗುತ್ತದೆ. ನೇರ ಬೆರಳಿಗೆ ಆ ಕ್ಷಮೆ ಇಲ್ಲ. ಗರಗಸ ಒಂದು ಕಡೆ ವಾಲಿದರೆ ಅಲ್ಲೊಂದು ಸಂದು. ಸಂದಿನಲ್ಲಿ ಅಂಟು ತುಂಬಬಹುದು, ಬಲ ಬರುವುದಿಲ್ಲ.

ಹಾಗಾಗಿ ಕೈಗೆಲಸದ ಬಡಗಿಗಳು ಶತಮಾನಗಳ ಕಾಲ ಡವ್‌ಟೈಲ್ ಬಿಡಲಿಲ್ಲ. ನೇರ ಬೆರಳನ್ನು ಜನಪ್ರಿಯ ಮಾಡಿದ್ದು ಯಂತ್ರ. 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪು, ಅಮೆರಿಕಗಳಲ್ಲಿ ಸೋಪು, ಡೈನಮೈಟು, ಗುಂಡು ಎಲ್ಲವೂ ಮರದ ಪೆಟ್ಟಿಗೆಯಲ್ಲೇ ಸಾಗುತ್ತಿದ್ದವು. ಒಂದೇ ಅಚ್ಚಿನ ಮೇಲೆ ಸಾಲಾಗಿ ಅಲಗುಗಳನ್ನು ಜೋಡಿಸಿ ಹಲಗೆಯನ್ನು ಒಮ್ಮೆ ಒತ್ತಿದರೆ ಎಲ್ಲ ಬೆರಳುಗಳೂ ಒಟ್ಟಿಗೆ ಬರುತ್ತವೆ. ಓರೆಯ ಬಾಲ ಕೊಯ್ಯಲು ಯಂತ್ರಕ್ಕೆ ಬೇರೆ ಏರ್ಪಾಡು ಬೇಕು. ನೇರ ಬೆರಳಿಗೆ ಅದೂ ಬೇಡ. ಎರಡು ಮಹಾಯುದ್ಧಗಳ ಕಾಲದ ಮದ್ದುಗುಂಡಿನ ಪೆಟ್ಟಿಗೆಗಳ ಮೂಲೆ ನೋಡಿದರೆ ಈ ಬೆರಳುಗಳು ಕಾಣುತ್ತವೆ. ಯೆರವಡಾದಿಂದ ಕೆಲವೇ ಮೈಲಿ ದೂರದ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ನಡೆಯುತ್ತಿದೆ. ಗುಂಡು ಸಾಗಿಸುವ ಪೆಟ್ಟಿಗೆಗೂ ನೂಲು ತೆಗೆಯುವ ಪೆಟ್ಟಿಗೆಗೂ ಒಂದೇ ಬಗೆಯ ಮೂಲೆ ಎಂಬುದು ನನಗೆ ಮೊದಲು ವಿಚಿತ್ರವೆನಿಸಿತ್ತು.

ಇದನ್ನೆಲ್ಲ ಓದಿಕೊಂಡ ಮೇಲೆ ನಾನೊಂದು ತೀರ್ಮಾನಕ್ಕೆ ಬಂದೆ: ನಮ್ಮ ಪೆಟ್ಟಿಗೆ ಯಾವುದೋ ಕಾರ್ಖಾನೆಯ ಯಂತ್ರದ ಮೇಲೆ ತಯಾರಾದದ್ದು. ಆ ತೀರ್ಮಾನ ಬಹಳ ದಿನ ಉಳಿಯಲಿಲ್ಲ.

ಮೂಲೆ ಹೇಳಿದ ಮಾತು

ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಸುತ್ತ ನೂರಾರು ಬಡಗಿಗಳಿದ್ದಾರೆ. ಅವರಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರೂ ಇದ್ದಾರೆ. ನನಗೆ ಸಿಕ್ಕವರು ಎಪ್ಪತ್ತರ ಹತ್ತಿರದವರು. ಗಿರಾಕಿಗಳ ಹತ್ತಿರ ಮರಾಠಿ, ಮಗನ ಹತ್ತಿರ ಕನ್ನಡ. ಉಪಕರಣಗಳಿಗೂ ಎರಡೆರಡು ಹೆಸರು. ಗಿರಾಕಿ ಮುಂದೆ ರಂಧಾ, ಪಟಾಶಿ, ಗುಣ್ಯಾ. ಮನೆಯಲ್ಲಿ ತೋಪಡಾ, ಉಳಿ, ಮೂಲೆಮಟ್ಟ.

ಪೆಟ್ಟಿಗೆಯನ್ನು ಮೊದಲು ಅವರ ಮಗನಿಗೆ ತೋರಿಸಿದೆ. ಅವನು ರೂಟರ್ ಯಂತ್ರಕ್ಕೆ ಕೈ ಹಾಕಿದ. ಅಂಗಡಿಯಲ್ಲಿ ಅವನೇ ಪ್ಲೈವುಡ್‌ನಿಂದ ಮಾಡಿಕೊಂಡ ಜಿಗ್ ಇತ್ತು: ಒಂದು ಸೀಳು ಕೊಯ್ದ ಮೇಲೆ ಆ ಸೀಳನ್ನು ಪಕ್ಕದ ಗೂಟಕ್ಕೆ ಕೂರಿಸಿ ಮುಂದಿನ ಸೀಳು ಕೊಯ್ಯುವುದು. ಒಂದೇ ಬಗೆಯ ಐವತ್ತು ಪೆಟ್ಟಿಗೆ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಇದರಲ್ಲೊಂದು ಹುಳುಕು ಇದೆ. ಪ್ರತಿ ಸೀಳೂ ಹಿಂದಿನ ಸೀಳನ್ನು ನಂಬಿ ಬರುತ್ತದೆ. ಗೂಟ 0.1 ಮಿಲಿಮೀಟರ್ ತಪ್ಪಿದರೆ ಹನ್ನೆರಡನೆಯ ಬೆರಳಿನ ಹೊತ್ತಿಗೆ 1.2 ಮಿಲಿಮೀಟರ್ ತಪ್ಪಾಗಿರುತ್ತದೆ. ಹಾಗಾಗಿ ಈ ಕೆಲಸದವರು ಮೊದಲು ರದ್ದಿ ಹಲಗೆಯ ಮೇಲೆ ಕೊಯ್ದು ನೋಡುತ್ತಾರೆ, ಗೂಟವನ್ನು ಸರಿಸುತ್ತಾರೆ, ಮತ್ತೆ ಕೊಯ್ಯುತ್ತಾರೆ. ಯಂತ್ರದ ಕೆಲಸದಲ್ಲಿ ಹೊತ್ತು ಹೋಗುವುದು ಈ ಹೊಂದಾಣಿಕೆಯಲ್ಲೇ.

ಅಷ್ಟರಲ್ಲಿ ಕಾಕಾ ಕನ್ನಡಕ ಹಾಕಿಕೊಂಡು ಮೂಲೆಯನ್ನು ಬೆಳಕಿಗೆ ಹಿಡಿದರು.

‘ಇದು ಮಷಿನ್ದಾಗ ಮಾಡಿದ್ದಲ್ರಿ. ಇಲ್ಲಿ ಗೆರಿ ನೋಡ್ರಿ.’

ಬೆರಳುಗಳ ಬುಡದಲ್ಲಿ, ಹಲಗೆಯ ಅಡ್ಡಕ್ಕೆ, ಕೂದಲಿನಷ್ಟು ತೆಳುವಾದ ಗೀರು ಇತ್ತು. ಎಲ್ಲಿಯವರೆಗೆ ಕೊಯ್ಯಬೇಕು ಎಂದು ಮೊನೆಯಿಂದ ಎಳೆದ ಗುರುತು. ಯಂತ್ರಕ್ಕೆ ಅದು ಬೇಡ. ಇನ್ನೂ ನೋಡಿದಾಗ ಒಂದೆರಡು ಕಡೆ ಗರಗಸ ಗೆರೆ ದಾಟಿ ಅರ್ಧ ಮಿಲಿಮೀಟರಿನಷ್ಟು ಒಳಗೆ ಹೋಗಿತ್ತು. ಕಾಕಾ ಅಳತೆಪಟ್ಟಿ ಇಟ್ಟು ತೋರಿಸಿದರು: ಬೆರಳುಗಳ ಅಗಲವೂ ಒಂದೇ ಸಮ ಇರಲಿಲ್ಲ. ಯಂತ್ರದ ಜೋಡಣೆಯನ್ನು ಯಾರೋ ಕೈಯಿಂದ ಕೊಯ್ದಿದ್ದರು.

ಯಾಕೆ ಕೊಯ್ದಿರಬಹುದು? ಕಾಕಾ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಯಿತು. ನೇರ ಬೆರಳಿಗೆ ಒಂದು ಗರಗಸ, ಒಂದು ಮೂಲೆಮಟ್ಟ, ಒಂದು ಕೊಡತಿ, ಬೆರಳಿನಷ್ಟೇ ಅಗಲದ ಒಂದು ಉಳಿ ಸಾಕು. ಓರೆ ಅಳೆಯುವ ಲೆಕ್ಕ ಬೇಡ. ಉಳಿಯ ಅಗಲವೇ ಅಳತೆಗೋಲು. ಕೆಲಸ ಹೊಸದಾಗಿ ಕಲಿಯುವವರ ಕೈಗೂ ಹೇಳಿಕೊಡಬಹುದು. ತಪ್ಪಾದರೆ ಎಲ್ಲಿ ತಪ್ಪಾಯಿತು ಎಂದು ಕಣ್ಣಿಗೇ ಕಾಣುತ್ತದೆ. ಬಡಗಿಗಳ ಮನೆಯಲ್ಲಿ ಹುಟ್ಟದವರೂ ಬಡಗಿ ಕೆಲಸ ಕಲಿಯಲಿ ಎಂದು ಹೊರಟ ಕಾಲ ಅದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನ ಕೈಕಸುಬನ್ನೇ ಶಾಲೆಯ ನಡುವೆ ತಂದಿಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಗಾಂಧೀಜಿ ಗಾಂಧಿ ಸೇವಾ ಸಂಘದ ಸಭೆಗಾಗಿ ಗಂಗಾಧರರಾವ್ ದೇಶಪಾಂಡೆಯವರ ಹುದಲಿಗೆ ಬಂದಿದ್ದರು. ನಮ್ಮ ಅಜ್ಜ ಆ ಕಡೆಯವರು.

ಪೆಟ್ಟಿಗೆ ತಿರುಗಿಸಿ ನೋಡಿದ ಕಾಕಾ ಎರಡನೆಯ ಮಾತು ಹೇಳಿದರು: ‘ಮೂಲಿ ಕೆಟ್ಟಿಲ್ರಿ, ತಳ ಕೆಟ್ಟೈತಿ.’

ಮರ ತೇವ ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಪೆಟ್ಟಿಗೆಯ ನಾಲ್ಕು ಗೋಡೆಗಳ ಎಳೆಯೂ ಸುತ್ತಲೂ ಒಂದೇ ದಿಕ್ಕಿಗೆ ಓಡುತ್ತದೆ; ಉಬ್ಬಿದರೆ ನಾಲ್ಕೂ ಒಟ್ಟಿಗೆ ಎತ್ತರಕ್ಕೆ ಉಬ್ಬುತ್ತವೆ, ಬೆರಳಿಗೆ ನೋವಾಗುವುದಿಲ್ಲ. ತಳದ ಹಲಗೆ ಹಾಗಲ್ಲ, ಅದು ಗೋಡೆಯನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ತಳವನ್ನು ಅಂಟಿಸದೆ, ಗೋಡೆಯ ಗಾಡಿಯಲ್ಲಿ ಉಬ್ಬಲು ಜಾಗ ಬಿಟ್ಟು ಕೂರಿಸಬೇಕು. ನಮ್ಮ ಪೆಟ್ಟಿಗೆಯಲ್ಲಿ ಆ ಗಾಡಿ ಇತ್ತು, ಆದರೆ ಖಾಲಿ. ಹಳೆಯ ತಳ ಹೋದಾಗ ಯಾರೋ ಬೇರೆ ಮರದ ಹಲಗೆಯನ್ನು ಬಿಗಿಯಾಗಿ ತುರುಕಿ, ಸುತ್ತಲೂ ಮೊಳೆ ಹೊಡೆದಿದ್ದರು. ಪ್ರತಿ ಮಳೆಗಾಲವೂ ಆ ಹಲಗೆ ಗೋಡೆಯನ್ನು ತಳ್ಳಿದೆ. ಎಲ್ಲಕ್ಕಿಂತ ಸೋತ ಮೂಲೆ ಮೊದಲು ಬಿಟ್ಟಿದೆ. ಬಿಟ್ಟ ಮೂಲೆಗೆ ಮತ್ತೆ ಮೊಳೆ.

ಉಪಕರಣದ ಆಯ್ಕೆ

ಈಗ ಯಾವ ದಾರಿ ಹಿಡಿಯಬೇಕು ಎನ್ನುವುದು ತಾನಾಗಿಯೇ ಗೊತ್ತಾಯಿತು. ಕಬ್ಬಿಣದ ಪಟ್ಟಿ ಹಾಕಿದರೆ ಮೂಲೆ ನಿಲ್ಲುತ್ತದೆ, ಆದರೆ ತಳ ತಳ್ಳುವುದು ನಿಲ್ಲುವುದಿಲ್ಲ. ಮಗನ ಜಿಗ್ಗಿನಲ್ಲಿ ಚೆಂದದ ಸಮ ಬೆರಳು ಬರುತ್ತದೆ, ಆದರೆ ಎದುರಿನ ಹಳೆಯ ಬೆರಳುಗಳು ಸಮವಿಲ್ಲ, ಎರಡೂ ಕೂರುವುದಿಲ್ಲ. ನಾಲ್ಕೂ ಗೋಡೆಗಳನ್ನು ಹೊಸದಾಗಿ ಮಾಡಿದರೆ ಯಂತ್ರ ಸರಿಹೋದೀತು, ಆಗ ಅಜ್ಜನ ಪೆಟ್ಟಿಗೆ ಎಂದು ಹೇಳಲು ಏನೂ ಉಳಿಯುವುದಿಲ್ಲ. ಮುರಿದದ್ದು ಒಂದು ಗಿಡ್ಡ ಹಲಗೆಯ ಬೆರಳುಗಳು. ಆ ಒಂದು ಹಲಗೆಯನ್ನು ಹಳೆಯ ತೇಗದಲ್ಲಿ ಮಾಡಿ, ಎದುರಿನ ಬೆರಳುಗಳನ್ನೇ ಅದರ ಮೇಲಿಟ್ಟು, ಚೂರಿಯ ಮೊನೆಯಿಂದ ಗುರುತು ಹಾಕಿ, ಕೈಯಿಂದ ಕೊಯ್ಯುವುದೊಂದೇ ದಾರಿ.

ಕಾಕಾ ನೆಲದ ಮೇಲೆ ಕೂತು ಕೊಯ್ದರು. ಸಣ್ಣ ಹಲ್ಲಿನ, ಬೆನ್ನಿಗೆ ಪಟ್ಟಿ ಇರುವ ಗರಗಸ. ಗೆರೆಯ ಮೇಲೆ ಅಲ್ಲ, ಗೆರೆಗೆ ತಾಗಿ, ಬಿಸಾಡುವ ಮರದ ಕಡೆಯಲ್ಲಿ. ಗೆರೆ ಹಾಗೇ ಉಳಿಯಬೇಕು. ಆಮೇಲೆ ಉಳಿ, ಮೊದಲು ಒಂದು ಮುಖದಿಂದ ಅರ್ಧ ಆಳಕ್ಕೆ, ತಿರುಗಿಸಿ ಇನ್ನೊಂದು ಮುಖದಿಂದ ಉಳಿದರ್ಧ. ಒಂದೇ ಕಡೆಯಿಂದ ಹೊಡೆದರೆ ಆಚೆ ಮುಖ ಸಿಬಿರೇಳುತ್ತದೆ. ಕೊನೆಗೆ ಸುತ್ತಿಗೆ ಬೇಡ, ಅಂಗೈಯಿಂದ ಗುದ್ದಿದರೆ ಕೂರುವಷ್ಟು ಬಿಗಿ. ಅದಕ್ಕಿಂತ ಬಿಗಿಯಾದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ.

ಅಂಟಿನ ವಿಷಯದಲ್ಲಿ ಮಾತ್ರ ನಾವು ಹಳೆಯದನ್ನು ಬಿಟ್ಟೆವು. ಅಂದಿನ ಬಡಗಿಗಳ ಅಂಟು ಚರ್ಮ, ಎಲುಬು ಕುದಿಸಿ ತೆಗೆದ ಸರಸ್. ಬಿಸಿ ಮಾಡಿ ಹಚ್ಚಬೇಕು, ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಬಾಟಲಿಯ ಬಿಳಿ ಅಂಟು, ಅಂದರೆ 1959ರಲ್ಲಿ ಬಂದ ಫೆವಿಕಾಲ್ ಬಗೆಯದು, ಆ ತೊಂದರೆ ತಪ್ಪಿಸಿತು. ಅಂಟಿನ ಬಲದ ಮೇಲೇ ನಿಂತಿರುವ ಜೋಡಣೆಗೆ ಇದು ದೊಡ್ಡ ಉಪಕಾರ. ತೇಗದಲ್ಲಿ ಎಣ್ಣೆಯ ಅಂಶ ಹೆಚ್ಚು. ಅದಕ್ಕೇ ಕೊಯ್ದ ದಿನವೇ, ಬೆರಳುಗಳನ್ನು ಒರೆಸಿ ಕಾಕಾ ಅಂಟು ಹಚ್ಚಿದರು. ತಳಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಗಾಡಿಯಲ್ಲಿ ಸುತ್ತ ಸ್ವಲ್ಪ ಜಾಗ ಬಿಟ್ಟು ತೇಗದ ಹಲಗೆ ಕೂರಿಸಿದರು.

1950ರ ದಶಕದಲ್ಲಿ ಏಕಾಂಬರನಾಥನ್ ರೂಪಿಸಿದ ಅಂಬರ್ ಚರಕ ಬಂತು. ಹಲವು ಕದಿರುಗಳ ಆ ಯಂತ್ರ ಖಾದಿಯ ಉತ್ಪಾದನೆಯನ್ನು ಹೊರತೊಡಗಿತು. ಇಂದಿನ ಖಾದಿ ಕೇಂದ್ರಗಳಲ್ಲಿ ಕಾಣುವುದು ಅದರ ಪೀಳಿಗೆಯವೇ. ಪೆಟ್ಟಿಗೆ ಚರಕ ನೂಲಿನ ಲೆಕ್ಕದಿಂದ ಹಿಂದೆ ಸರಿದು, ಕಾಣಿಕೆ ಕೊಡುವ, ಕಪಾಟಿನಲ್ಲಿಡುವ ವಸ್ತುವಾಯಿತು. 16,000 ಅಡಿಯ ಲೆಕ್ಕದಲ್ಲಿ ನೋಡಿದರೆ ಅದು ಸೋತಿತು ಎನ್ನಬಹುದು.

ಆದರೆ 20 ವರ್ಷ ಬಾಳಬೇಕು, ರಿಪೇರಿ ಶೇಕಡ 5 ದಾಟಬಾರದು ಎಂಬ ಲೆಕ್ಕವೂ ಅದೇ ಕಾಗದದಲ್ಲಿತ್ತು. ಆ ಲೆಕ್ಕದಲ್ಲಿ ನಮ್ಮ ಪೆಟ್ಟಿಗೆ ಸೋತಿಲ್ಲ. ಒಂದು ಜೋಡಣೆಯನ್ನು ಯಾವ ಉಪಕರಣದಿಂದ ಕೊಯ್ಯುತ್ತೇವೆ ಎಂಬ ಆಯ್ಕೆಯ ಒಳಗೆ, ಮುಂದೆ ಅದು ಕೆಟ್ಟಾಗ ಯಾರು ಸರಿಮಾಡಬಲ್ಲರು ಎಂಬ ಆಯ್ಕೆಯೂ ಅಡಗಿರುತ್ತದೆ. ಹೆಸರು ಗೊತ್ತಿಲ್ಲದ ಒಬ್ಬರು ಮೂಲೆಮಟ್ಟ, ಗರಗಸ, ಉಳಿ ಹಿಡಿದು ಕೊಯ್ದಿದ್ದರಿಂದಲೇ, ಇಷ್ಟು ವರ್ಷಗಳ ಮೇಲೆ ಅವೇ ಉಪಕರಣಗಳಿಂದ ಇನ್ನೊಬ್ಬರು ಅದನ್ನು ಸರಿಮಾಡಲು ಸಾಧ್ಯವಾಯಿತು.

ಹೊಸ ಹಲಗೆಯ ಬಣ್ಣ ಇನ್ನೂ ಹಳೆಯದಕ್ಕೆ ಹೊಂದಿಲ್ಲ. ಪಾಲಿಶ್ ಹಾಕಿ ಮರೆಮಾಡಲೇ ಎಂದು ಕಾಕಾ ಕೇಳಿದರು, ಬೇಡವೆಂದೆ. ಬುಡದ ಗೀರನ್ನೂ ಅವರು ಉಜ್ಜದೆ ಬಿಟ್ಟಿದ್ದಾರೆ. ಈಗ ನಾಲ್ಕೂ ಮೂಲೆಗಳಲ್ಲಿ ಗೀರು ಇದೆ. ದಾರ ಜಾರುತ್ತಿಲ್ಲ. ನನ್ನ ಕೈಗೆ ನೂಲು ಇನ್ನೂ ಹತ್ತಿಲ್ಲ, ಹಂಜಿ ಹರಿಯುತ್ತಲೇ ಇದೆ; ಆದರೆ ಅದು ಪೆಟ್ಟಿಗೆಯ ತಪ್ಪಲ್ಲ.